ಬಾಗಿಲ ಮುಂದಿನ ಚಪ್ಪಲಿಗಳು

ತಿಕೋಟಾದ ಸಿದ್ದಲಿಂಗೇಶ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನಾನು ಬಬಲೇಶ್ವರದ ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳ ಕೈಯಿಂದ ಅವರನ್ನೇ ಕೊಲ್ಲಿಸುತ್ತಿದ್ದೆ.

ಅದು ಕತೆ ಬರೆಯುವ ಪಾಠ: ಸಂಭಾಷಣೆಯೊಂದನ್ನು ಕೊಟ್ಟರೆ, ಅದರೊಳಗಿನ ಸಮಸ್ಯೆಯನ್ನು ಮಕ್ಕಳು ಗುಂಪಿನಲ್ಲಿ ಕೂತು ಬಿಡಿಸಿ ಕತೆಯಾಗಿ ಬರೆಯಬೇಕು. ಪ್ರತಿ ವರ್ಷವೂ ನಾನು ಕೊಡುತ್ತಿದ್ದದ್ದು ಒಂದೇ ಸಂಭಾಷಣೆ:

“ಗುರುವಾರ ನಿಮ್ಮ ಮನಿಗೆ ಬರ್ತೀನ್ರಿ, ಹೆಣ್ಣ ಕೇಳಾಕ.”

“ಅಷ್ಟ ಧೈರ್ಯ ಐತೇನ್ರಿ ಸರ?”

“ಚಾದಾಗ ಸಕ್ರಿ ಹೆಚ್ಚ ಹಾಕ್ರಿ, ಧೈರ್ಯ ತಾನ ಬರತೈತಿ.”

ಗುರುವಾರ ಅವನು ಬರಲಿಲ್ಲ. ಮುಂದೆ ಅವನಿಗೇನಾಯಿತು? ಇದು ಸಮಸ್ಯೆ.

ಅದು ನಾನೂ ಸಿದ್ದಲಿಂಗೇಶ ಮಾಸ್ತರರೂ ಆಡಿದ್ದ ಮಾತೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ವಿಜಯಪುರದ ಶಿಕ್ಷಕರ ತರಬೇತಿಯಲ್ಲಿ ಇಬ್ಬರೂ ಈ ಪಾಠ ಕಲಿಯುವಾಗ, ಹಾಳೆಯಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತ ಅವರು ಹಾಗೆ ಅಂದಿದ್ದರು. ನಗು ತಡೆಯಲಾರದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

ಯಾಕೆ ಬರಲಿಲ್ಲವೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಸಿಟ್ಟಿನಲ್ಲೇ ತಂದೆ ತೋರಿಸಿದವರಿಂದ ತಾಳಿ ಕಟ್ಟಿಸಿಕೊಂಡೆ. ಈಗ ನನ್ನ ಯಜಮಾನರೂ ಇಲ್ಲ. ಸಿಟ್ಟು ಮಾತ್ರ ಇತ್ತು. ಮಕ್ಕಳು ಗುರುವಾರ ಬಾರದ ಅವನನ್ನು ಹಾವಿನಿಂದ ಕಚ್ಚಿಸುತ್ತಿದ್ದರು, ಟ್ರ್ಯಾಕ್ಟರಿನ ಕೆಳಗೆ ಹಾಕುತ್ತಿದ್ದರು. ಚೆನ್ನಾಗಿ ಸಾಯಿಸಿದವರಿಗೆ ಪೂರ್ತಿ ಅಂಕ.

ಅಂದು ಸಾರವಾಡದ ಕೈನಾತ ಎದ್ದು ನಿಂತಳು. “ನಮ್ಮ ಕತ್ಯಾಗ ಅಂವ ಬಾವ್ಯಾಗ ಬಿದ್ದ ಸತ್ತಾನ್ರಿ ಟೀಚರ್.”

“ಛಲೋ ಆತು ನೋಡು!”

ಆಗಲೇ ಬಾಗಿಲಲ್ಲಿ ನಸ್ರೀನ ಟೀಚರ್ ಕಂಡಳು. ಅವಳು ಮಾಸ್ತರರ ಕೈಯಲ್ಲಿ ಕಲಿತವಳು. ಕಣ್ಣು ಕೆಂಪಾಗಿದ್ದವು. “ಅಕ್ಕಾರ, ನಮ್ಮ ಸಿದ್ದಲಿಂಗೇಶ ಸರ ಹ್ವಾದ್ರಂತ್ರಿ.”

ನನಗೆ ಅಳು ಬರಲಿಲ್ಲ. ತಪ್ಪಿಸಿಕೊಂಡರಲ್ಲ ಎಂಬ ಕೋಪ ಬಂತು. ಸತ್ತ ಮುಖಕ್ಕಾದರೂ ನಾಲ್ಕು ಮಾತು ಅಂದು ಬರಬೇಕೆಂದು ಅವಳೊಂದಿಗೆ ಬಸ್ಸು ಹತ್ತಿದೆ.

ದಾರಿಯಲ್ಲಿ ನಸ್ರೀನ ಅಂದಳು, “ನಮಗೂ ಸರ ಇಂಥಾದ ಪಾಠ ಮಾಡತಿದ್ರು. ಒಬ್ಬಾಂವ ಗುರುವಾರ ಹೆಣ್ಣ ಕೇಳಾಕ ಹೋಗ್ತಾನ. ಬಾಗಲ ಮುಂದ ರಾಶಿ ಚಪ್ಪಲಿ. ಆಕಿನ್ನ ನೋಡಾಕ ಬ್ಯಾರೆ ಗಂಡಿನವ್ರು ಬಂದಾರಂತ ತಿಳದು ಹೊಳ್ಳಿ ಬರ್ತಾನ. ಆ ಚಪ್ಪಲಿ ಯಾರವು, ಹುಡುಕ್ರಿ ಅಂತಿದ್ರು.”

“ಹುಡುಕಿದ್ರೇನು?”

“ಯಾರಿಗೂ ಆಗ್ಲಿಲ್ರಿ. ನಮ್ಮ ಸಲ್ಮಾನ ಬ್ಯಾಸತ್ತು ಆ ಹುಡಗೀನ್ನ ಸಾಯಿಸಿ ಕತಿ ಮುಗಿಸಿದ್ದ. ಸರ ಹೊಳ್ಳಿ ಬರಸಿದ್ರು. ‘ಲೇ, ಏನರ ಬರಿ, ಆಕಿಗೆ ಮಾತ್ರ ಏನೂ ಆಗಬಾರದು’ ಅಂದ್ರು.”

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ತಿಕೋಟಾದಲ್ಲಿ ಅವರ ದೇಹವನ್ನು ಲಿಂಗಾಯತರ ಪದ್ಧತಿಯಂತೆ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಅನ್ನಬೇಕೆಂದು ಕೂಡಿಟ್ಟಿದ್ದ ಮಾತು ಒಂದೂ ನೆನಪಾಗಲಿಲ್ಲ. ಕಿವಿಯ ಹತ್ತಿರ ಬಾಗಿದೆ.

“ಅವು ನಿಡೋಣಿಯ ನಮ್ಮ ಕಾಕಾಗೋಳ ಚಪ್ಪಲಿ, ಸರ. ನಿಮ್ಮನ್ನ ಬರಮಾಡ್ಕೊಳ್ಳಾಕ ಬಂದಿದ್ರು. ಚಾದಾಗ ಸಕ್ರಿ ಹೆಚ್ಚ ಹಾಕಿದ್ದೆ.”

ಶಿವನೇ, ಇವರು ಅಂಗಳದಿಂದಲೇ ಹಿಂದಿರುಗುವ ಮನುಷ್ಯ. ನಿನ್ನ ಬಾಗಿಲ ಮುಂದೆ ಎಷ್ಟು ಚಪ್ಪಲಿಗಳಿದ್ದರೂ ನೀನೇ ಎದ್ದು ಬಂದು ಕೈಹಿಡಿದು ಒಳಗೆ ಕರೆದುಕೋ. ಇವರ ಜೀವಕ್ಕೆ ಅಲ್ಲಿಯಾದರೂ ಶಾಂತಿ ಕೊಡು.