ಕರೆಯದೇ ಬಂದವರು

ಅಪ್ಪನ ಪಿಟೀಲು ನುಡಿಸಲು ಬರುತ್ತಿದ್ದುದು ಗುನಾರ್ಸ್‌ಗೆ. ಅದು ಸಿಕ್ಕಿದ್ದು ಅಣ್ಣ ಎಗಿಲ್ಸ್‌ಗೆ. ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ಅವನು ಅದನ್ನು ಸ್ಟಾಕ್‌ಹೋಮ್‌ನ ತನ್ನ ಮನೆಗೆ ಒಯ್ದು, ಊಟದ ಕೋಣೆಯ ಗೋಡೆಗೆ ತೂಗುಹಾಕಿದ. ಖಾಲಿ ಪೆಟ್ಟಿಗೆ ಮಾತ್ರ ರಿಗಾದಲ್ಲಿ ತಮ್ಮನ ಬಳಿ ಉಳಿಯಿತು.

"ಇಲ್ಲಿ ಬಂದವ್ರೆಲ್ಲ ನೋಡ್ತಾರೆ ಕಣೋ," ಎಂದಿದ್ದ ಎಗಿಲ್ಸ್ ಫೋನಿನಲ್ಲಿ. "ನಿನ್ನ ಆ ಒಂಟಿ ಕೋಣೇಲಿ ನೋಡೋಕೆ ಯಾರಿದಾರೆ?"

ಆ ಮಾತು ಎಂಟು ತಿಂಗಳು ಮುಳ್ಳಿನಂತೆ ಚುಚ್ಚಿತು. ಆಮೇಲೆ ಅದೇ ದಾರಿ ತೋರಿಸಿತು. ನಿಜ, ಯಾರಿದ್ದಾರೆ? ಹೆಂಡತಿ ಹೋದ ಮೇಲೆ ಅವನ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಕೆಳಮನೆಯ ವೆಲ್ಟಾ ಆಗಾಗ ಹೊಸ್ತಿಲಲ್ಲಿ ನಾಲ್ಕು ಸೇಬು ಇಟ್ಟು ಹೋಗುತ್ತಿದ್ದಳು, ಅಷ್ಟೇ. ಇಡೀ ದಿನ ಮಾಯವಾದರೂ ಯಾರಿಗೂ ಗೊತ್ತಾಗದ ಮನುಷ್ಯನಿಗಿಂತ ಒಳ್ಳೆಯ ಕಳ್ಳ ಯಾರು?

ಮೂವತ್ತು ವರ್ಷ ವಿಮಾನಗಳ ವೇಳಾಪಟ್ಟಿ ಬರೆದವನು ಗುನಾರ್ಸ್. ಸ್ಟಾಕ್‌ಹೋಮ್‌ಗೆ ಸುಮಾರು ನಾನೂರ ನಲವತ್ತು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ. ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ; ಒಂಬತ್ತಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಒಂಬತ್ತೂ ಹತ್ತು. ಗುರುವಾರ ಎಗಿಲ್ಸ್ ದಂಪತಿ ಸಂಜೆ ಆರಕ್ಕೆ ಮುಂಚೆ ಮನೆಗೆ ಬರುವುದಿಲ್ಲ. ಅವರ ಮನೆಯ ಕೀಲಿಕೈ ಇರುವುದು ಹೂಕುಂಡದ ಕೆಳಗೆ. ಅವರು ಖಾಲಿ ಮೊಳೆ ನೋಡುವ ಹೊತ್ತಿಗೆ ತಾನು ರಿಗಾದಲ್ಲಿ ಕಂಬಳಿ ಹೊದ್ದು ಕೆಮ್ಮುತ್ತಿರುತ್ತಾನೆ. ಎಗಿಲ್ಸ್ ಮೊದಲು ಬೊಟ್ಟು ಮಾಡುವುದು ತನ್ನ ಕಡೆಗೇ, ಮಾಡಲಿ. ತನ್ನಂಥದೇ ಮುಖದ ಅಪರಿಚಿತನೊಬ್ಬ ಟ್ರಾಮಿನಲ್ಲಿ ಬೀಳಿಸಿಹೋಗಿದ್ದ ಗುರುತಿನ ಚೀಟಿಯಲ್ಲಿ ಟಿಕೆಟ್ ಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಆ ಗುರುವಾರಕ್ಕೆ ಕೆಂಪು ಸುತ್ತು ಹಾಕಿದ.

ಆ ದಿನ ಬೆಳಿಗ್ಗೆ ವೆಲ್ಟಾಗೆ ಫೋನ್ ಮಾಡಿದ. ಸಾಕ್ಷಿಗೆ ಒಬ್ಬರು ಬೇಕಲ್ಲ.

"ವಿಪರೀತ ಜ್ವರ. ದಿನವೆಲ್ಲ ಮಲಗಿರ್ತೀನಿ."

"ಅಯ್ಯೋ, ಇವತ್ತೇ ಬರಬೇಕಾ ಜ್ವರ!" ಎಂದಳು ವೆಲ್ಟಾ. ಮುದುಕಿಯ ಮರುಕ ಎಂದುಕೊಂಡು ರೇಡಿಯೋ ಹಚ್ಚಿ, ಖಾಲಿ ಪೆಟ್ಟಿಗೆ ಹಿಡಿದು ಹೊರಟ.

ಎಲ್ಲವೂ ನಿಮಿಷ ತಪ್ಪದೆ ನಡೆಯಿತು. ಹಿಂತಿರುಗುವಾಗ ಪಿಟೀಲನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಸಂಜೆ ಐದಕ್ಕೆ ಮೆಟ್ಟಿಲು ಹತ್ತುತ್ತಿದ್ದಂತೆ ಹಬ್ಬದ ದಿನ ಮಾಡುವ, ಕೇಸರಿ ಹಾಕಿದ ಸಿಹಿ ಬ್ರೆಡ್ಡಿನ ಪರಿಮಳ ಬಂತು. ಅವನ ಬಾಗಿಲು ತೆರೆದಿತ್ತು.

"ಬಂದ್ರಲ್ಲಪ್ಪಾ!" ವೆಲ್ಟಾ ಓಡಿಬಂದಳು. "ತಟ್ಟಿ ತಟ್ಟಿ ಕೈ ನೋವು ಬಂತು. ಒಳಗೆ ಬಿದ್ದಿದೀರೇನೋ ಅಂತ ಬೀಗ ಒಡೆಸಿದ್ರೆ, ಹಾಸಿಗೇಲಿ ನೀವೇ ಇಲ್ಲ!"

ಅವಳ ಹಿಂದೆ ಮೇಲ್ಮನೆಯ ದಂಪತಿ ಹೂ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಬ್ಬ ಪೊಲೀಸ್.

"ಹನ್ನೆರಡು ಗಂಟೆಯಿಂದ ಊರೆಲ್ಲ ಹುಡುಕ್ತಿದೀವಿ ಸಾರ್," ಎಂದ ಅವನು, ಮೃದುವಾಗಿಯೇ. "ಎಲ್ಲಿಗೆ ಹೋಗಿದ್ರಿ?"

"ಸುಸ್ತಾಗಿದಾರೆ, ಆಮೇಲೆ ಕೇಳಪ್ಪ," ಎಂದು ವೆಲ್ಟಾ ಗದರಿಸಿ, ಗುನಾರ್ಸ್‌ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. "ಪಿಟೀಲಾ? ನುಡಿಸ್ತೀರಾ? ಹೇಳಲೇ ಇಲ್ಲ ನೋಡಿ!"

ಅವನ ಕಣ್ಣು ಗೋಡೆಯತ್ತ ಹೋಯಿತು. ಆ ತಾರೀಖನ್ನು ಆರು ವಾರ, ದಿನಕ್ಕೆ ಹತ್ತು ಸಲ ನೋಡಿದ್ದ. ಈ ನಾಡಿನ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೂ ಆ ದಿನ ಯಾವ ಹೆಸರಿನವರ ಹಬ್ಬವೆಂದು ಅಚ್ಚಾಗಿರುತ್ತದೆ; ಆ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ತಾವಾಗಿಯೇ ಬರುತ್ತಾರೆ. ಕೆಂಪು ಸುತ್ತಿನೊಳಗೆ, ಸಣ್ಣ ಅಕ್ಷರದಲ್ಲಿ, ಗುನಾರ್ಸ್ ಎಂದಿತ್ತು.