ಮೂವರಲ್ಲಿ ಮಧ್ಯದವನು

"ಏನ್ರೀ, ನಿಮ್ಮ ರಂಗೋಲಿ ಗೆರೆ ಚುಕ್ಕಿ ಬಿಟ್ಟು ಬೀದಿಗೆ ಹೊರಟಿದೆ. ಯಾರನ್ನ ನೋಡ್ತಾ ಹಾಕಿದ್ರಿ?"

ತೊಂಬತ್ತೆಂಟರ ಒಂದು ಬೆಳಗ್ಗೆ, ತ್ಯಾಗರಾಜನಗರದಲ್ಲಿ, ಎದುರು ಮನೆಯ ರಾಘವ ಗೇಟಿನ ಬಳಿ ನಿಂತು ಕೇಳಿದ. ಪ್ರಿಯಂವದಾ ತಲೆ ಎತ್ತಿದಳು.

"ನಿಮ್ಮನ್ನೇ. ಮೂರು ಮೂರು ಜನ ಕಾಣ್ತೀರ. ಕೈ ತಪ್ಪದೆ ಇರುತ್ತಾ?"

"ಮೂವರಲ್ಲಿ ಯಾರು ಚೆನ್ನಾಗಿದಾರೆ?"

"ಮಧ್ಯದವರು."

ಅವನು ನಕ್ಕ. ಹುಡುಗಿ ಮಾತಿನಮಲ್ಲಿ ಅಂದುಕೊಂಡಿರಬೇಕು. ಪಾಪ, ಅವಳು ಹೇಳಿದ್ದು ನಿಜವನ್ನೇ. ಒಂದು ಚುಕ್ಕಿ ಮೂರಾಗಿ ಕಾಣತೊಡಗಿ ವರ್ಷವಾಗಿತ್ತು. ಬೀದಿದೀಪಗಳಿಗೆಲ್ಲ ಬಾಲ ಬಂದಿತ್ತು. ಕನ್ನಡಕ ಬದಲಿಸಿ ಬದಲಿಸಿ ಸಾಕಾಗಿತ್ತು.

ಪ್ರೀತಿಗೆ ಕಣ್ಣಿಲ್ಲ ಅಂತಾರಲ್ಲ, ಆ ಮಾತು ಅವಳಿಗೆ ಅನುಕೂಲಕ್ಕೇ ಬಂತು. ಗಾಂಧಿ ಬಜಾರಿನಲ್ಲಿ ಅವನು ಮೊಳ ಮಲ್ಲಿಗೆ ಕೊಡಿಸಿ ಕೀಟಲೆ ಮಾಡುವಾಗ, ಆ ಮಸುಕಿನೊಳಗಿಂದಲೇ ಅವನ ನಗು ಬಂದು ಅವಳನ್ನು ಮುಟ್ಟುತ್ತಿತ್ತು. ಅವನ ತಾಯಿ ಜಾನಕಮ್ಮ ಜಾತಕವನ್ನೂ ಕೇಳಿ ಕಳಿಸಿದರು.

ಕಂಕಣಬಲ ಕೂಡಿ ಬಂತು ಅನ್ನುವಷ್ಟರಲ್ಲಿ ಡಾಕ್ಟರು ರೋಗಕ್ಕೆ ಹೆಸರಿಟ್ಟರು. ಕೆರಟೋಕೋನಸ್. ಕಣ್ಣಿನ ಮುಂದಿನ ಗಾಜಿನಂಥ ಪೊರೆ, ಕಾರ್ನಿಯಾ, ತೆಳುವಾಗುತ್ತಾ ಮುಂದಕ್ಕೆ ಚೂಪಾಗುತ್ತಿದೆಯಂತೆ. ಗಟ್ಟಿ ಲೆನ್ಸ್ ಹಾಕಿದರೆ ಸದ್ಯಕ್ಕೆ ಕಾಣುತ್ತದೆ. ಅದೂ ಕಣ್ಣಲ್ಲಿ ಕೂರದ ದಿನ ಬಂದರೆ, ತೀರಿಹೋದ ಯಾರದೋ ಕಾರ್ನಿಯಾಗಾಗಿ ಕಾಯಬೇಕು.

ಲೆನ್ಸ್ ಬಂದ ದಿನ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದರೂ ಅವಳು ತೆಗೆಯಲಿಲ್ಲ. ರಾಘವನ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕಿತ್ತು. ಸಂಜೆ ಅವನು ಬಂದು ವರಾಂಡದಲ್ಲಿ ಕೂತ. ಗಲ್ಲದ ಮೇಲೊಂದು ಪುಟ್ಟ ಮಚ್ಚೆ ಇತ್ತು. ಇಷ್ಟು ದಿನ ಅದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮಮ್ಮ ಏನಂದ್ರು?"

"ಮಕ್ಕಳಿಗೂ ಬಂದ್ರೆ ಅಂತ ಭಯ ಅವರಿಗೆ. ಒಪ್ಪಿಸ್ತೀನಿ. ಎಷ್ಟು ದಿನ ಆದ್ರೂ ಕಾಯ್ತೀನಿ ಪ್ರಿಯಾ."

ದನಿ ಅದೇ, ಮೆತ್ತಗಿನದು. ಲೆನ್ಸ್ ಇಲ್ಲದಿದ್ದರೆ ನಂಬಿಬಿಡುತ್ತಿದ್ದಳು. ಆದರೆ ಮಾತಾಡುವಾಗ ಅವನ ಕಣ್ಣು ಗೇಟಿನ ಮೇಲಿತ್ತು. ಅವಳು ನೋಡಿದಾಗ ಅದು ನೆಲಕ್ಕಿಳಿಯಿತು. ಇದನ್ನು ನೋಡಲಿಕ್ಕೇ ಈ ಹಾಳು ಕಣ್ಣು ಬಂತೇ ಎಂದು ಅವಳಿಗೆ ಅಳು ಉಕ್ಕಿತು.

"ಕಾಯೋದು ಬೇಡ ಬಿಡಿ. ನಿಮ್ಮ ಮುಖದಲ್ಲೇ ಕಾಣ್ತಿದೆ."

"ಏನು ಕಾಣ್ತಿದೆ?"

"ಎಲ್ಲಾ. ಇವತ್ತು ಎಲ್ಲಾ ಕಾಣ್ತಿದೆ."

ಅವನು "ಹುಷಾರು" ಎಂದು ಎದ್ದ. ದಿನವೂ ಬದಿಗೆ ಸರಿದು ನಡೆಯುವವನು ಅಂದು ರಂಗೋಲಿ ತುಳಿದುಕೊಂಡೇ ಹೋದ.

ಪ್ರಿಯಂವದಾ ಲೆನ್ಸ್ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಈಗ ರಸ್ತೆ ದಾಟುತ್ತಿದ್ದವರು ಮೂವರು ರಾಘವರು. ಮಧ್ಯದವನಾದರೂ ಒಮ್ಮೆ ತಿರುಗಿ ನೋಡಿಯಾನು ಎಂದು ಕಾದಳು.

ಮೂವರೂ ಎದುರು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.