ಕೈಗೆಟುಕದ ತುರಿಕೆ

"ಮನ್ಯಾಗ ಜೋಡಿಗೆ ಯಾರರ ಅದಾರೇನವ್ವಾ?"

ಹಚ್ಚೆಯ ಸೂಜಿಯನ್ನು ದೀಪದ ಕುಡಿಗೆ ಹಿಡಿದಿದ್ದ ಮುದುಕಿ ಧೂಳಮ್ಮ ಕೈ ತಡೆದು ಕೇಳಿದಳು. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ, ಕುರಿಯುಣ್ಣೆಯ ಕಮಟು ಕವಿದ ಆ ಮನೆಯಲ್ಲಿ ವಿದ್ಯಾವತಿ ಬೆನ್ನು ಬಿಟ್ಟು ಬೋರಲಾಗಿ ಮಲಗಿದ್ದಳು.

"ಯಾರೂ ಇಲ್ಲರಿ ಆಯಿ. ಹುಮನಾಬಾದದಾಗ ಒಬ್ಬಾಕೇ ಇರ್ತೀನಿ."

"ಹಂಗಿದ್ರ ತೋಳಿಗೆ ಹಾಕಸ್ಕೋ, ಬೆನ್ನಿಗೆ ಬ್ಯಾಡ. ಹಚ್ಚಿ ಮಾಯೂ ಮುಂದ ಕಡೀತದ, ನಿನ್ನ ಕೈ ಮುಟ್ಟಂಗಿಲ್ಲ. ಈ ಸೂಜಿ ನಮ್ಮತ್ತೀದು. ಬೆನ್ನ ತುಂಬ ಹುಣ್ಣಾಗಿ, ತುರಸಾಕ ಯಾರರ ಬರ್ರಿ ಅಂತ ಮೂರು ದಿನ ಒದರಿ ಸತ್ತಳು. ನಾವ್ಯಾರೂ ಒಳಗ ಹೋಗಲಿಲ್ಲ. ಸಾಯೂ ಮುಂದ ಸೂಜಿ ಹಿಡದು ಶಾಪ ಹಾಕ್ಯಾಳ, 'ಇದು ಚುಚ್ಚಿದ ಒಂಟಿ ಬೆನ್ನೆಲ್ಲಾ ನಂದು' ಅಂತ. ಮಂದಿ ಇದ್ದವರಿಗೆ ಏನೂ ಆಗಂಗಿಲ್ಲ. ನೀ ಮಾತ್ರ ಯಾರನ್ನೂ ಕರೀಬ್ಯಾಡ. ಆಕಿ ಬರ್ತಾಳ."

ವಿದ್ಯಾವತಿ ನಕ್ಕಳು. "ಗಂಡನ ಮನ್ಯಾಗ ಬೆನ್ನಿಗೆ ಕಾದ ಸೌಟು ಇಟ್ಟಾಗ ಯಾವ ದೆವ್ವಾನೂ ಬಂದಿರಲಿಲ್ಲರಿ. ಮನುಷ್ಯಾರೇ ಇದ್ರು. ಚುಚ್ಚರಿ."

ಆ ಸುಟ್ಟ ಕಲೆಯ ಮೇಲೊಂದು ಬಳ್ಳಿ ಹಬ್ಬಿದರೆ ಸಾಕಿತ್ತು ಅವಳಿಗೆ. ಮಷಿನ್ ಹಚ್ಚೆಯ ಅಂಗಡಿಯಲ್ಲಿ ಗಂಡಸಿನೆದುರು ಬೆನ್ನು ಬಿಡಲು ಮನಸ್ಸಾಗದೆ ಇಲ್ಲಿಗೆ ಬಂದಿದ್ದಳು. ಮುದುಕಿ ಬೆನ್ನಿಗೆ ಸೂಜಿ ಇಳಿಸಿದಳು.

ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಅವಳಿಗೆ ಗುಳಿಗೆ ತುಂಬುವ ಕೆಲಸ, ಸದಾ ರಾತ್ರಿ ಪಾಳಿ. ಹಗಲೆಲ್ಲ ನಿದ್ದೆ. ಹೊರಗಿನ ಕೆಮಿಕಲ್ ನಾತಕ್ಕೆ ಕಿಟಕಿ ಮುಚ್ಚಿ, ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದರಿಂದ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ.

ನಾಲ್ಕನೆಯ ದಿನ ತುರಿಕೆ ಶುರುವಾಯಿತು. ಮೊದಲು ಇರುವೆ ಹರಿದಂತೆ. ಆಮೇಲೆ ಚರ್ಮದೊಳಗೆ ಯಾರೋ ಮೆಣಸಿನಪುಡಿ ತಿಕ್ಕಿದಂತೆ. ಒದ್ದೆ ಬಟ್ಟೆ ಹೊದ್ದಳು. ಕೊಬ್ಬರಿ ಎಣ್ಣೆಯನ್ನು ಚಮಚೆಯ ಹಿಂಬದಿಗೆ ಸವರಿ ಹಚ್ಚಲು ಹೋದಳು, ಅದೂ ಎಟುಕಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದಾಗ ಹಕ್ಕಳೆ ಕಿತ್ತು, ರಕ್ತ ಬಂದು, ತುರಿಕೆ ಇಮ್ಮಡಿಯಾಯಿತು. ಫೋನಿನಲ್ಲಿ ಹುಲಸೂರಿನ ಅಣ್ಣನ ಹೆಸರು ತೆಗೆದಳು. ಏನಂತ ಹೇಳುವುದು? ಬೆನ್ನು ತುರಿಸಲು ಬಾ ಎಂದೇ? ಗಂಡನನ್ನು ಬಿಟ್ಟು ಬಂದ ದಿನವೇ ಅವನು ಮಾತು ಬಿಟ್ಟಿದ್ದ. ಫೋನು ಕೆಳಗಿಟ್ಟಳು.

ಆರನೆಯ ಮಧ್ಯಾಹ್ನ ದಿಂಬು ಕಚ್ಚಿಕೊಂಡು ಅತ್ತಳು. "ಯಾರರ ಬರ್ರಿ... ಒಂದೀಟು ಕೈ ಆಡಸ್ರಿ..."

ಮಂಚ ಕಿರುಗುಟ್ಟಿತು. ಹಳೆಯ ಎಣ್ಣೆಯ, ಕೀವಿನ ವಾಸನೆ. ಬೆನ್ನ ಮೇಲೆ ಐದು ಬೆರಳು ಇಳಿದವು.

ಕಿರುಚಬೇಕಿತ್ತು. ಕಿರುಚಲಿಲ್ಲ. ಆ ಉಗುರುಗಳಿಗೆ ಎಲ್ಲಿ, ಎಷ್ಟು ಎಂಬುದೆಲ್ಲ ಗೊತ್ತಿತ್ತು. ಹಕ್ಕಳೆ ಕೀಳದೆ, ನೋವಾಗದೆ, ಬಳ್ಳಿಯ ಒಂದೊಂದು ಎಲೆಯ ಮೇಲೂ ಅವು ಹರಿದಾಡಿದವು. ಆ ಬೆನ್ನನ್ನು ನೋಯಿಸದೆ ಮುಟ್ಟಿದ ಕೈಯೊಂದು ಅವಳಿಗೆ ನೆನಪೇ ಇರಲಿಲ್ಲ. ತಿರುಗಿ ನೋಡದೆ, ಕಣ್ಣು ಬಿಗಿಯಾಗಿ ಮುಚ್ಚಿ ಹಾಗೇ ನಿದ್ದೆಹೋದಳು.

ಮರುದಿನ ಯಾರನ್ನೂ ಕರೆಯಲಿಲ್ಲ. ಮಲಗುವಾಗ ಗೋಡೆಯ ಕಡೆ ಸರಿದು, ಹಿಂದೆ ಜಾಗ ಬಿಟ್ಟಳು ಅಷ್ಟೇ. ಕೈ ಬಂತು.

ಒಂಬತ್ತನೆಯ ದಿನ ತುರಿಕೆ ನಿಂತಿತು. ಹಚ್ಚೆ ಮಾದಿತ್ತು. ಸಂಜೆ ಎಚ್ಚರಾದಾಗ ಬೆನ್ನ ಮೇಲೆ ಕೈ ಇರಲಿಲ್ಲ. ಹೋಯಿತೆಂದು ಒಂದು ಕ್ಷಣ ಎದೆ ಖಾಲಿಯಾಯಿತು. ಹೊರಳಿದಳು.

ಮೂಗಿಗೆ ತಾಗುವಷ್ಟು ಹತ್ತಿರ ಒಂದು ಬರಿಬೆನ್ನು. ಮುದಿ ಬೆನ್ನು. ತುಂಬ ಹುಣ್ಣು.

"ಈಗ ನಂದು ಪಾಳಿ," ಎಂದಿತು.

ಎದ್ದು ಓಡಬೇಕು. ಕಾಲು ಏಳಲಿಲ್ಲ. ಕೈ ಎದ್ದಿತು. ತಾನಾಗಿಯೇ. ಉಗುರು ಇಳಿಯಿತು. ಚರ್ಮ ಒದ್ದೆ. ಬಿಸಿ. ತುರಿಸಿದಳು.

"ಇನ್ನಾ ಜರಾ ಮ್ಯಾಲ."

ತುರಿಸಿದಳು. ಉಗುರು ಬಿರಿಯಿತು. ಕೈ ನಿಲ್ಲಲಿಲ್ಲ. ಹೊರಗೆ ಕಾರ್ಖಾನೆಯ ಬಸ್ಸಿನ ಹಾರ್ನು. ಮೆಟ್ಟಿಲ ಮೇಲೆ ಹೆಜ್ಜೆ. ಜೊತೆಗೆ ಕೆಲಸ ಮಾಡುವ ಫರಹತ್ ಬಾಗಿಲು ಬಡಿದಳು.

"ವಿದ್ಯಾ, ಬಸ್ ಬಂದದ! ಬರ್ತೀ ಇಲ್ಲೋ?"

ವಿದ್ಯಾವತಿ ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದಳು. ತುಟಿ ಬಿಚ್ಚಲಾಗಲಿಲ್ಲ.

"ನೀ ಹೋಗು ಫರಹತ್. ನಾ ಇನ್ನ ಮ್ಯಾಲ ಬರಂಗಿಲ್ಲ."

ಅದು ವಿದ್ಯಾವತಿಯದೇ ದನಿ. ಬಂದದ್ದು ಆ ಬೆನ್ನಿನ ಆಚೆಯಿಂದ.

"ಆರಾಮ ಅದೀಯಲ್ಲಾ?"

"ಭಾಳ ಆರಾಮ ಅದೀನಿ," ಎಂದಿತು ದನಿ.

ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯಿತು. ಬಸ್ಸು ಹೊರಟಿತು.